ಆರು ಸಿಲಿಂಡರ್‌ನ ಹಡ್ಸನ್ ಹಾರ್ನೆಟ್ ವಿ-8 ಕಾರುಗಳನ್ನು ಸೋಲಿಸಿದ್ದು ಹೇಗೆ?

ಪ್ರಶ್ನೆ: 1950ರ ದಶಕದ ಆರಂಭದಲ್ಲಿ ಅಮೆರಿಕದ ಸ್ಟಾಕ್ ಕಾರ್ ರೇಸ್‌ಗಳಲ್ಲಿ ಹಡ್ಸನ್ ಹಾರ್ನೆಟ್‌ದೇ ದರ್ಬಾರು ಅಂತಾರೆ. ಆದರೆ ಅದರಲ್ಲಿ ಇದ್ದದ್ದು ಹಳೇ ಬಗೆಯ ಆರು ಸಿಲಿಂಡರ್ ಎಂಜಿನ್. ಎದುರಿಗಿದ್ದ ಕಾರುಗಳಲ್ಲಿ ಹೊಸ ವಿ-8, ಅಂದರೆ ಎಂಟು ಸಿಲಿಂಡರ್‌ಗಳನ್ನು ‘ವಿ’ ಆಕಾರದಲ್ಲಿ ಜೋಡಿಸಿದ ಎಂಜಿನ್‌ಗಳಿದ್ದವು. ಆದರೂ ಅದು ಗೆದ್ದಿದ್ದು ಹೇಗೆ?

ಉತ್ತರ: ಹಾರ್ನೆಟ್ ಮಾತು ಬಂದಾಗೆಲ್ಲ ಈ ಪ್ರಶ್ನೆ ಬಂದೇ ಬರುತ್ತದೆ. ಎಲ್ಲರೂ ಉತ್ತರ ಹುಡುಕೋದು ಬಾನೆಟ್ ಕೆಳಗೆ. ನಾನು ಹೇಳೋದಿಷ್ಟೇ: ಮೊದಲು ಬಾಗಿಲು ತೆಗೆದು ಕಾಲಿಡುವ ಜಾಗ ನೋಡಿ.

ಆ ಕಾಲದ ಬಹುತೇಕ ಅಮೆರಿಕನ್ ಕಾರುಗಳಲ್ಲಿ ಕೆಳಗೆ ಎರಡು ಉದ್ದನೆಯ ಉಕ್ಕಿನ ತೊಲೆಗಳ ಚಾಸಿ ಇರುತ್ತಿತ್ತು. ಅದರ ಮೇಲೆ ಬಾಡಿ ತಂದು ಕೂರಿಸಿ ಬೋಲ್ಟ್ ಹಾಕುತ್ತಿದ್ದರು. ಹಾಗಾಗಿ ಕಾರಿನ ನೆಲ ಚಾಸಿಗಿಂತ ಮೇಲೆ, ಸೀಟು ಅದಕ್ಕಿಂತ ಮೇಲೆ. ಹಡ್ಸನ್ ಕಂಪನಿ 1948ರ ಮಾದರಿಯಲ್ಲಿ ಇದನ್ನು ಬದಲಾಯಿಸಿತು. ತೊಲೆಗಳನ್ನು ಪ್ರಯಾಣಿಕರು ಕೂರುವ ಜಾಗದ ಸುತ್ತ ಸುತ್ತಿಸಿ, ನೆಲವನ್ನು ಅವುಗಳ ನಡುವೆ ಕೆಳಕ್ಕೆ ಇಳಿಸಿತು. ಹಿಂದಿನ ಚಕ್ರಗಳ ಹೊರಗೂ ತೊಲೆ ಹಾದುಹೋಗುತ್ತಿತ್ತು. ಬಾಡಿ, ಚಾಸಿ ಎರಡೂ ಬೆಸುಗೆ ಹಾಕಿದ ಒಂದೇ ತುಂಡು. ಕಾರು ಹತ್ತೋದು ಅನ್ನೋ ಮಾತೇ ಇಲ್ಲ, ಒಳಗೆ ಇಳಿಯಬೇಕು. ತೊಟ್ಟಿಮನೆಯಲ್ಲಿ ಜಗಲಿಯಿಂದ ತೊಟ್ಟಿಗೆ ಇಳಿದ ಹಾಗೆ. ಅದಕ್ಕೇ ಈ ವಿನ್ಯಾಸಕ್ಕೆ ‘ಸ್ಟೆಪ್-ಡೌನ್’ ಅನ್ನೋ ಹೆಸರು ಬಂತು.

ಇದರಿಂದ ಕಾರಿನ ಎತ್ತರ 5 ಅಡಿಯ ಆಸುಪಾಸಿಗೆ ಇಳಿಯಿತು. ಭಾರವೆಲ್ಲ ನೆಲಕ್ಕೆ ಹತ್ತಿರ ಬಂತು. ಹುಲ್ಲು ಎತ್ತರಕ್ಕೆ ಹೇರಿದ ಗಾಡಿ ತಿರುವಿನಲ್ಲಿ ವಾಲುತ್ತದೆ, ಅದೇ ತೂಕದ ಕಲ್ಲು ಹೇರಿದ ಗಾಡಿ ಅಷ್ಟು ವಾಲೋದಿಲ್ಲ, ಅಲ್ವಾ? ಅದೇ ಲೆಕ್ಕ. ಆಗಿನ ರೇಸ್‌ಗಳು ನಡೆಯುತ್ತಿದ್ದದ್ದು ಹೆಚ್ಚಾಗಿ ಅರ್ಧ ಮೈಲಿಯ ಮಣ್ಣಿನ ಟ್ರ್ಯಾಕ್‌ಗಳಲ್ಲಿ. ನೇರ ದಾರಿ ಮುಗಿಯಿತು ಅನ್ನುವಷ್ಟರಲ್ಲಿ ಮುಂದಿನ ತಿರುವು. ಬೇರೆಯವರು ತಿರುವಿನಲ್ಲಿ ವೇಗ ಇಳಿಸಿ, ಆಮೇಲೆ ಮತ್ತೆ ಏರಿಸಬೇಕಿತ್ತು. ಹಾರ್ನೆಟ್ ಅಷ್ಟು ಇಳಿಸಬೇಕಾಗಿರಲಿಲ್ಲ.

‘ಸ್ಟಾಕ್ ಕಾರ್’ ಅಂದರೆ ಶೋರೂಮಿನಲ್ಲಿ ಯಾರು ಬೇಕಾದರೂ ಕೊಳ್ಳಬಹುದಾದ ಕಾರು. ನ್ಯಾಸ್‌ಕಾರ್ ಸಂಸ್ಥೆ 1949ರಲ್ಲಿ ಇಂಥ ಕಾರುಗಳ ಸರಣಿ ಶುರು ಮಾಡಿದಾಗ ನಿಯಮ ಬಿಗಿಯಾಗಿತ್ತು. ಷಾರ್ಲೆಟ್‌ನ ಮೊದಲ ರೇಸ್‌ನಲ್ಲೇ ಮೊದಲು ಬಂದ ಫೋರ್ಡ್ ಕಾರನ್ನು ಹಿಂದಿನ ಸ್ಪ್ರಿಂಗ್ ಬದಲಾಯಿಸಿದ್ದಾರೆ ಅಂತ ಅನರ್ಹಗೊಳಿಸಿದರು. ಹಾಗಾಗಿ ಕಂಪನಿ ಮಾಡಿಕೊಟ್ಟ ಕಾರೇ ಚೆನ್ನಾಗಿರಬೇಕಿತ್ತು. ಗ್ಯಾರೇಜಿನಲ್ಲಿ ಆಮೇಲೆ ಸರಿ ಮಾಡಿಕೊಳ್ಳೋಣ ಅಂದರೆ ಆಗುತ್ತಿರಲಿಲ್ಲ.

ಎಂಜಿನ್ ಕೂಡ ಕಡೆಗಣಿಸುವಂಥದ್ದಲ್ಲ. 1951ರಲ್ಲಿ ಬಂದ ಹಾರ್ನೆಟ್‌ನಲ್ಲಿ 308 ಘನ ಇಂಚಿನ, ಅಂದರೆ ಸುಮಾರು 5 ಲೀಟರಿನ ಎಂಜಿನ್ ಇತ್ತು. ವಾಲ್ವ್‌ಗಳು ಸಿಲಿಂಡರಿನ ಪಕ್ಕದಲ್ಲಿರುವ ಹಳೇ ವಿನ್ಯಾಸ, ನಿಜ. ಆದರೂ 145 ಅಶ್ವಶಕ್ತಿ. ಅದಕ್ಕೂ ಮುಂಚಿನ ಎರಡು ವರ್ಷ ಚಾಂಪಿಯನ್ ಆಗಿದ್ದ ಓಲ್ಡ್ಸ್‌ಮೊಬೀಲ್ ರಾಕೆಟ್‌ನ ವಿ-8ಗೆ 135. ಆಮೇಲೆ ಎರಡು ಕಾರ್ಬ್ಯುರೇಟರ್‌ನ ‘ಟ್ವಿನ್ ಎಚ್-ಪವರ್’ ಬಂದಾಗ ಹಾರ್ನೆಟ್‌ನ ಶಕ್ತಿ ಇನ್ನೂ ಏರಿತು. ಆದರೆ ಶಕ್ತಿಯೊಂದೇ ಸಾಕಾಗಿದ್ದರೆ 1951ರಿಂದಲೇ 180 ಅಶ್ವಶಕ್ತಿಯ ವಿ-8 ಇದ್ದ ಕ್ರೈಸ್ಲರ್ ಎಲ್ಲರನ್ನೂ ಹಿಂದಿಕ್ಕಬೇಕಿತ್ತು. ಹಾಗಾಗಲಿಲ್ಲ. ಅದಕ್ಕೇ ನನ್ನ ಮತ ಆ ಕೆಳಗಿಳಿದ ನೆಲಕ್ಕೆ.

ಈ ಕಾರಿನ ಗುಣವನ್ನು ಮೊದಲು ಕಂಡುಕೊಂಡವನು ಫ್ಲೋರಿಡಾದ ಡೇಟೋನಾ ಬೀಚ್‌ನ ರೇಸ್ ಚಾಲಕ ಮಾರ್ಷಲ್ ಟೀಗ್. 1951ರ ಫೆಬ್ರುವರಿಯಲ್ಲಿ ಅರ್ಧ ಸಮುದ್ರದ ಮರಳು, ಅರ್ಧ ಹೆದ್ದಾರಿ ಇದ್ದ ಅಲ್ಲಿನ ಟ್ರ್ಯಾಕ್‌ನಲ್ಲಿ ಹಾರ್ನೆಟ್ ಓಡಿಸಿ ಗೆದ್ದ. ಡೆಟ್ರಾಯಿಟ್‌ನ ಹಡ್ಸನ್ ಕಾರ್ಖಾನೆಗೆ ತಾನೇ ಹೋಗಿ ಬೆಂಬಲವನ್ನೂ ಪಡೆದ. ಕಂಪನಿ ಒಳ್ಳೆಯ ಉಪಾಯ ಮಾಡಿತು. ಗಟ್ಟಿ ಆಕ್ಸಲ್, ಗಟ್ಟಿ ಹಬ್, ಗಟ್ಟಿ ಸಸ್ಪೆನ್ಷನ್ ಭಾಗಗಳನ್ನು ‘ಕಠಿಣ ಬಳಕೆಗೆ’ ಅಂತ ತನ್ನ ಕ್ಯಾಟಲಾಗ್‌ಗೇ ಸೇರಿಸಿತು. ಕ್ಯಾಟಲಾಗ್‌ನಲ್ಲಿದ್ದರೆ ಅದೂ ಸ್ಟಾಕ್. ಚಕ್ರ ಕಳಚಿ ಹೋಗುತ್ತಿದ್ದ ಆ ಕಾಲದಲ್ಲಿ ಇದು ಎಷ್ಟು ಜೀವ ಉಳಿಸಿರಬಹುದು ಅಂತ ನನಗೆ ಆಗಾಗ ಅನಿಸುತ್ತದೆ.

1951ರಲ್ಲಿ ಹರ್ಬ್ ಥಾಮಸ್ ನ್ಯಾಸ್‌ಕಾರ್ ಚಾಂಪಿಯನ್ ಆದ. ಆ ವರ್ಷ 82 ಕಾರುಗಳು ಹೊರಟ ಡಾರ್ಲಿಂಗ್‌ಟನ್‌ನ ಸದರ್ನ್ 500 ರೇಸನ್ನೂ ಹಾರ್ನೆಟ್‌ನಲ್ಲೇ ಗೆದ್ದ. 1952ರಲ್ಲಿ ಟಿಮ್ ಫ್ಲಾಕ್ ಚಾಂಪಿಯನ್, 34 ರೇಸ್‌ಗಳಲ್ಲಿ 27 ಹಡ್ಸನ್ ಪಾಲು. 1953ರಲ್ಲಿ ಮತ್ತೆ ಥಾಮಸ್. ಹಡ್ಸನ್ ಕಾರುಗಳ ಒಟ್ಟು ನ್ಯಾಸ್‌ಕಾರ್ ಗೆಲುವು 79.

ಫ್ಲಾಕ್ 1953ರಲ್ಲಿ ಕೆಲವು ರೇಸ್‌ಗಳಿಗೆ ಜಾಕೊ ಅನ್ನೋ ಕೋತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೋಗುತ್ತಿದ್ದ. ಇದನ್ನು ಹೇಳೋಕೆ ಕಾರಣವಿದೆ. ಟ್ರ್ಯಾಕ್‌ನಲ್ಲಿ ಸದಾ ಎಡಕ್ಕೇ ತಿರುಗುವುದರಿಂದ ಮುಂದಿನ ಬಲಗಡೆ ಟೈರು ಬೇಗ ಸವೆಯುತ್ತದೆ. ಓಡಿಸುತ್ತಲೇ ಅದನ್ನು ನೋಡಲು ನೆಲದಲ್ಲೊಂದು ಪುಟ್ಟ ಮುಚ್ಚಳ ಇಟ್ಟಿದ್ದರು. ರಾಲಿಯಲ್ಲಿ ನಡೆದ ರೇಸ್‌ನಲ್ಲಿ ಕೋತಿ ಆ ಮುಚ್ಚಳ ಎತ್ತಿ ಇಣುಕಿತು, ಟೈರಿನಿಂದ ಸಿಡಿದ ಕಲ್ಲು ಅದಕ್ಕೆ ತಾಗಿತು. ಗಾಬರಿಯಾದ ಕೋತಿಯನ್ನು ಇಳಿಸಲು ಫ್ಲಾಕ್ ಪಿಟ್‌ಗೆ, ಅಂದರೆ ರೇಸ್ ನಡುವೆ ಕಾರು ನಿಲ್ಲಿಸುವ ಜಾಗಕ್ಕೆ ಬರಬೇಕಾಯಿತು. ಮೂರನೇ ಸ್ಥಾನ ಸಿಕ್ಕಿತು. ಪಾಪ, ಆ ಪ್ರಾಣಿಯನ್ನು ಅಲ್ಲಿ ಕೂರಿಸಲೇಬಾರದಿತ್ತು.

ಇಷ್ಟು ಗೆದ್ದ ಕಂಪನಿ ಉಳಿಯಲಿಲ್ಲ ಯಾಕೆ ಅಂತ ನೀವು ಮುಂದೆ ಕೇಳಿಯೇ ಕೇಳುತ್ತೀರಿ. ಅದಕ್ಕೂ ಉತ್ತರ ಆ ನೆಲದಲ್ಲೇ ಇದೆ. ಚಾಸಿ ಬೇರೆ, ಬಾಡಿ ಬೇರೆ ಆಗಿದ್ದವರು ಬಾಡಿ ಮಾತ್ರ ಬದಲಾಯಿಸಿ ಪದೇ ಪದೇ ಹೊಸ ರೂಪ ತರಬಹುದಿತ್ತು. ಎಲ್ಲ ಒಂದೇ ತುಂಡಾಗಿದ್ದ ಹಡ್ಸನ್‌ಗೆ ರೂಪ ಬದಲಾಯಿಸೋದು ತುಂಬಾ ದುಬಾರಿ. 1948ರ ಆಕಾರವೇ ಹೆಚ್ಚುಕಡಿಮೆ 1953ರವರೆಗೂ ನಡೆಯಿತು. ಗ್ರಾಹಕರ ಕಣ್ಣಿಗೆ ಅದು ಹಳತಾಯಿತು. ಇದ್ದ ಹಣವನ್ನು ಜೆಟ್ ಅನ್ನೋ ಚಿಕ್ಕ ಕಾರಿಗೆ ಸುರಿದರು, ಅದು ಮಾರಾಟವಾಗಲಿಲ್ಲ. ಅದೇ ಹೊತ್ತಿಗೆ ಫೋರ್ಡ್, ಷೆವರ್ಲೆ ಪೈಪೋಟಿಗೆ ಬಿದ್ದು ಮಾರುಕಟ್ಟೆ ತುಂಬಿಸಿದವು. ಥಾಮಸ್ 12 ರೇಸ್ ಗೆದ್ದ 1953ರಲ್ಲೇ ಕಂಪನಿಗೆ 1 ಕೋಟಿ ಡಾಲರ್‌ಗೂ ಜಾಸ್ತಿ ನಷ್ಟ. 1954ರ ಮೇ ತಿಂಗಳಲ್ಲಿ ನ್ಯಾಶ್ ಅನ್ನೋ ಇನ್ನೊಂದು ಕಾರು ಕಂಪನಿ ಜೊತೆ ಸೇರಿ ಅಮೆರಿಕನ್ ಮೋಟಾರ್ಸ್ ಆಯಿತು. ಆಮೇಲೆ ಬಂದದ್ದು ನ್ಯಾಶ್ ಬಾಡಿಗೆ ಹಡ್ಸನ್ ಹೆಸರು ಹಚ್ಚಿದ ಕಾರುಗಳು. 1957ಕ್ಕೆ ಹೆಸರೂ ಹೋಯಿತು.

ಮಿಷಿಗನ್‌ನ ಇಪ್ಸಿಲ್ಯಾಂಟಿಯಲ್ಲಿ ಹಳೇ ಹಡ್ಸನ್ ಡೀಲರ್ ಅಂಗಡಿಯೊಂದು ಈಗ ಕಾರ್ ಮ್ಯೂಸಿಯಂ ಆಗಿದೆ. ಥಾಮಸ್ ಓಡಿಸಿದ 92ನೇ ನಂಬರಿನ ಹಾರ್ನೆಟ್ ಅಲ್ಲಿದೆ. ಆ ಕಡೆ ಇರುವ ಕನ್ನಡಿಗರು ಹೋದರೆ ಪಕ್ಕದಿಂದ ಸ್ವಲ್ಪ ಬಗ್ಗಿ ನೋಡಿ. ಬಾಗಿಲ ಅಂಚಿನ ಉದ್ದಕ್ಕೂ ತೊಲೆ, ಅದಕ್ಕಿಂತ ಕೆಳಗೆ ನೆಲ.