ಡೆಲಿವರಿ ವಾಯೇಜ್ ಅಂದ್ರೆ ಏನು?

ತೀರ್ಥಹಳ್ಳಿಯಲ್ಲಿರೋ ನಮ್ಮತ್ತೆಗೆ ಮಗ ಫೋನ್ ಮಾಡಿ, "ಅಮ್ಮಾ, ಈ ವಾರ ಡೆಲಿವರಿ ಇದೆ, ಹಬ್ಬಕ್ಕೆ ಬರಕ್ಕಾಗಲ್ಲ" ಅಂದ. ಅತ್ತೆ ಕೇಳಿದ್ದು ಒಂದೇ ಮಾತು: "ಯಾರಿಗೋ?" ಅವನು ಟಗ್ ಬೋಟಿನ ಇಂಜಿನ್ ರೂಮಿನಲ್ಲಿ ಕೆಲಸ ಮಾಡುವವನು. ಹೇಳಿದ್ದು ಹೆರಿಗೆಯ ವಿಷಯ ಅಲ್ಲ, ಡೆಲಿವರಿ ವಾಯೇಜ್.

ಹೊಸ ಹಡಗು ತನ್ನನ್ನು ಕಟ್ಟಿದ ಯಾರ್ಡ್ ಬಿಟ್ಟು, ಕೆಲಸ ಮಾಡಬೇಕಾದ ಬಂದರಿಗೆ ಹೋಗಿ ಸೇರುವ ಪ್ರಯಾಣಕ್ಕೆ ಈ ಹೆಸರು. ಸಾಮಾನ್ಯವಾಗಿ ಸರಕಿಲ್ಲ, ಬಾಡಿಗೆ ಇಲ್ಲ. ಬಾಡಿ ಕಟ್ಟದ ಬಸ್ಸಿನ ಬರೀ ಚಾಸಿಯನ್ನು ಡ್ರೈವರು ಹೆಲ್ಮೆಟ್ ಹಾಕ್ಕೊಂಡು ಹೈವೇಯಲ್ಲಿ ಓಡಿಸಿಕೊಂಡು ಹೋಗ್ತಾರಲ್ಲ, ಹೆಚ್ಚುಕಡಿಮೆ ಹಾಗೆ. ಇದನ್ನು ಮೇಡನ್ ವಾಯೇಜ್ ಅನ್ನೋರೂ ಇದ್ದಾರೆ, ಅದು ಬೇರೆ, ಕೆಲಸಕ್ಕಿಳಿದ ಹಡಗಿನ ಮೊದಲ ಪ್ರಯಾಣ. ಟೈಟಾನಿಕ್ 1912ರ ಏಪ್ರಿಲ್ 2ರಂದು ಬೆಲ್‌ಫಾಸ್ಟ್ ಬಿಟ್ಟು ಸೌತಾಂಪ್ಟನ್‌ಗೆ ಹೋಗಿದ್ದು ಡೆಲಿವರಿ. ಏಪ್ರಿಲ್ 10ರಂದು ಜನರನ್ನು ಹತ್ತಿಸಿಕೊಂಡು ಹೊರಟಿದ್ದು ಮೇಡನ್.

ಟಗ್ ವಿಷಯದಲ್ಲಿ ಈ ಪ್ರಯಾಣಕ್ಕೆ ಒಂದು ವಿಚಿತ್ರ ಇದೆ. ಬಂದರಿನ ಟಗ್ ಇರೋದೇ ಅಲ್ಲಿಗೆ ಬರೋ ದೊಡ್ಡ ಹಡಗುಗಳನ್ನು ಎಳೆಯೋಕೆ, ನೂಕೋಕೆ. ದೂರ ಹೋಗೋ ಜೀವ ಅಲ್ಲ ಅದು. ನಮ್ಮ ಆಗುಂಬೆ ಘಾಟಿ ಇಳಿದರೆ ಸಿಗೋ ಮಲ್ಪೆಯಲ್ಲೇ ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್ 62 ಟನ್ ಎಳೆಯುವ ಟಗ್‌ಗಳನ್ನು ಕಟ್ಟುತ್ತದೆ. 62 ಟನ್ ಅಂದ್ರೆ ಲೋಡ್ ತುಂಬಿದ ಹತ್ತು ಚಕ್ರದ ಎರಡು ಲಾರಿಗಳ ತೂಕಕ್ಕಿಂತ ಜಾಸ್ತಿ. ಹೊರಡೋ ಮೊದಲೇ ಇದನ್ನು ಅಳೆಯುತ್ತಾರೆ. ಹಡಗು ನಿಲ್ಲೋ ಧಕ್ಕೆಯ ಮೇಲಿನ ಕಬ್ಬಿಣದ ಗೂಟಕ್ಕೆ ದಪ್ಪ ಹಗ್ಗ ಕಟ್ಟಿ, ಇಂಜಿನ್ ಪೂರ್ತಿ ಕೊಟ್ಟು, ಹಗ್ಗದ ಮೇಲೆ ಎಷ್ಟು ಜಗ್ಗು ಬಿತ್ತು ಅಂತ ಮೀಟರಿನಲ್ಲಿ ನೋಡೋದು. ಆ ಗೂಟಕ್ಕೆ ಬೊಲಾರ್ಡ್ ಅಂತಾರೆ, ಅದಕ್ಕೇ ಇದು ಬೊಲಾರ್ಡ್ ಪುಲ್.

ಇಷ್ಟು ಬಲ ಇದ್ದೂ ಉದ್ದ ಮಾತ್ರ ಸುಮಾರು 30 ಮೀಟರ್. ಗಿಡ್ಡ, ಅಗಲ. ಹೊರಸಮುದ್ರದ ಅಲೆಗೆ ಸಿಕ್ಕರೆ ಕುಣಿದದ್ದೇ ಕುಣಿದದ್ದು. ಹಾಗಾಗಿ ಮಳೆಗಾಲ ತಪ್ಪಿಸಿ, ಹವಾಮಾನ ನೋಡಿ, ಡೆಕ್ ಮೇಲಿನ ಸಾಮಾನೆಲ್ಲ ಬಿಗಿದು ಕಟ್ಟಿ, ನೀರು ನುಗ್ಗದಂತೆ ಬಾಗಿಲು ಭದ್ರ ಮಾಡಿ ಹೊರಡುತ್ತಾರೆ. 10 ನಾಟ್, ಅಂದ್ರೆ ಗಂಟೆಗೆ 18 ಕಿಲೋಮೀಟರ್ ಚಿಲ್ಲರೆ ವೇಗದಲ್ಲಿ ಮಲ್ಪೆಯಿಂದ ಮುಂಬೈಗೆ ಸುಮಾರು ಒಂದೂವರೆ ದಿನ. ನಮ್ಮ ಹುಡುಗ ಅಡುಗೆಮನೆಯಲ್ಲಿ ಕುಕ್ಕರನ್ನೂ ಹಗ್ಗದಲ್ಲಿ ಕಟ್ಟಿಯೇ ಅನ್ನ ಮಾಡಿದ್ದಂತೆ, ಉಂಡಿದ್ದು ಮಾತ್ರ ಇಬ್ಬರೇ! ಎಷ್ಟೋ ಟಗ್‌ಗಳ ಇಡೀ ಆಯಸ್ಸಿನಲ್ಲಿ ಇದೇ ಅತಿ ದೂರದ ಓಡಾಟ, ಅದೂ ಏನನ್ನೂ ಎಳೆಯದೆ.

ಇನ್ನು ಹೋಮ್ ಪೋರ್ಟ್, ಅಂದ್ರೆ ಹಡಗಿನ ತವರು ಬಂದರು. ಹಡಗಿನ ಹಿಂಬದಿಯಲ್ಲಿ ಹೆಸರಿನ ಕೆಳಗೆ ಬರೆದಿರೋ ಊರು ನೋಂದಣಿಯದ್ದು. ಕೆಲಸ ಮಾಡೋ ಊರು ಬೇರೆಯೇ ಇರಬಹುದು. ಕೆಎ-14 ನಂಬರಿನ ಶಿವಮೊಗ್ಗದ ಕಾರು ಬೆಂಗಳೂರಲ್ಲೇ ಓಡಾಡಿಕೊಂಡಿರಲ್ವಾ? ಮಾಲೀಕರಿಗೆ ಕೀಲಿಕೈ ಯಾರ್ಡಿನಲ್ಲೇ ಕೊಡಬೇಕೋ, ಬಂದರು ಮುಟ್ಟಿದ ಮೇಲೋ ಅನ್ನೋದು ಅವರವರ ಕರಾರಿನ ಮಾತು.

ಅತ್ತೆಗೆ ಇದೆಲ್ಲ ಹೇಳಿದ ಮೇಲೆ ಕೇಳಿದರು, "ಹಂಗಾದ್ರೆ ಸಿಗಂದೂರು ಲಾಂಚ್ ಹೆಂಗೆ ಬಂತು?" ಒಳ್ಳೇ ಪ್ರಶ್ನೆ. ಅದು ಲಿಂಗನಮಕ್ಕಿ ಹಿನ್ನೀರಿನಲ್ಲಿ ಜನ, ವಾಹನ ದಾಟಿಸೋಕೆ ತಂದ ಬೋಟು. ಸಮುದ್ರದಿಂದ ಶರಾವತಿಯಲ್ಲಿ ಮೇಲೆ ಬರಬೇಕಂದ್ರೆ 253 ಮೀಟರಿನ ಜೋಗ ಹತ್ತಬೇಕು, ಆಮೇಲೆ ಲಿಂಗನಮಕ್ಕಿ ಅಣೆಕಟ್ಟು ದಾಟಬೇಕು. ಅಂಥ ಬೋಟು ರಸ್ತೆ ಮೇಲೆ ಬರಬೇಕು, ಇಲ್ಲಾ ಹಿನ್ನೀರಿನ ದಡದಲ್ಲೇ ಹುಟ್ಟಬೇಕು. "ಅಂದ್ರೆ ಮನೆಯಲ್ಲೇ ಹೆರಿಗೆ" ಅಂದರು ಅತ್ತೆ.