ಪೆಡಲ್ ತಿರುಗಿದರೆ ಸಾಕಾ, ತುಳಿಯಲೇಬೇಕಾ?

ಪ್ರಶ್ನೆ: ಪುಣೆಯ ಕೋಥ್ರೂಡ್‌ನಲ್ಲಿ ಮನೆ, ಬಾವಧನ್‌ನಲ್ಲಿ ಕೆಲಸ. ದಿನಾ ಚಾಂದನಿ ಚೌಕದ ಏರು ಹತ್ತಬೇಕು. ಎಲೆಕ್ಟ್ರಿಕ್ ಸೈಕಲ್‌ನಲ್ಲಿ ಕೇಡೆನ್ಸ್ ಸೆನ್ಸರ್ ಸಾಕೇ, ಟಾರ್ಕ್ ಸೆನ್ಸರ್‌ಗೆ ಹೆಚ್ಚು ದುಡ್ಡು ಕೊಡಬೇಕೇ?

ಉತ್ತರ: ದಿನಾ ಏರು ಇದೆ ಅಂದಮೇಲೆ, ಕೈಗೆಟಕುವುದಾದರೆ ಕೊಡಿ.

ಕೇಡೆನ್ಸ್ ಸೆನ್ಸರ್‌ಗೆ ಗೊತ್ತಾಗುವುದು ಒಂದೇ: ಪೆಡಲ್ ತಿರುಗುತ್ತಿದೆಯೋ ಇಲ್ಲವೋ. ಕ್ರ್ಯಾಂಕ್ (ಪೆಡಲ್ ಕೂತಿರುವ ತೋಳು) ಪಕ್ಕದಲ್ಲಿ ಚಕ್ಕುಲಿಯಷ್ಟಗಲದ ಪ್ಲಾಸ್ಟಿಕ್ ಬಿಲ್ಲೆ, ಅದರಲ್ಲಿ ಸಾಮಾನ್ಯವಾಗಿ 8 ಇಲ್ಲವೇ 12 ಪುಟ್ಟ ಅಯಸ್ಕಾಂತ; ಎದುರಿಗೆ ಅವು ಹಾದುಹೋಗುವುದನ್ನು ಎಣಿಸುವ ಸೆನ್ಸರ್. ಒಂದಷ್ಟು ಎಣಿಕೆಯಾದ ಮೇಲೆಯೇ ಮೋಟರ್ ಏಳುತ್ತದೆ. ಅಲ್ಲಿಯವರೆಗೆ, ಕಾಲು ಸುತ್ತೋ ಅರ್ಧ ಸುತ್ತೋ, ನಿಮ್ಮ ಕಾಲೇ ಗತಿ. ಸಪಾಟು ರಸ್ತೆಯಲ್ಲಿ ಇದು ಲೆಕ್ಕಕ್ಕಿಲ್ಲ. ಏರಿನ ನಡುವೆ ನಿಂತು ಹೊರಡುವಾಗ ಆ ಅರ್ಧ ಸುತ್ತೇ ಬೆವರಿಳಿಸುತ್ತದೆ. ತುಳಿಯುವುದು ಬಿಟ್ಟ ಮೇಲೂ ಮೋಟರ್ ಒಂದು ಕ್ಷಣ ಎಳೆಯುತ್ತದೆ, ಹಾಗಾಗಿ ಬ್ರೇಕ್ ಹಿಡಿದೊಡನೆ ಮೋಟರ್ ನಿಲ್ಲಿಸುವ ಲಿವರ್ ಇರಲೇಬೇಕು.

ಟಾರ್ಕ್ ಸೆನ್ಸರ್ ನೀವು ಎಷ್ಟು ಒತ್ತಿ ತುಳಿಯುತ್ತೀರಿ ಎಂಬುದನ್ನು ಅಳೆದು ಅದಕ್ಕೆ ತಕ್ಕಷ್ಟೇ ಕೈಜೋಡಿಸುತ್ತದೆ. ಕೆಲಸದಲ್ಲಿ ನಿಮ್ಮ ಪಾಲೂ ಇರುವುದರಿಂದ ಬ್ಯಾಟರಿ ಹೆಚ್ಚು ದೂರ ಬರುತ್ತದೆ. ಮೊಣಕಾಲು ನೋವಿದ್ದವರಿಗೆ ಮಾತ್ರ ಕೇಡೆನ್ಸೇ ವಾಸಿ. ಕಾಲು ಸುಮ್ಮನೆ ಆಡಿಸಿದರಾಯಿತು.

ಅಂಗಡಿಯವರ ಮಾತು ನಂಬಬೇಕಿಲ್ಲ. ಹಗುರ ಗೇರ್‌ನಲ್ಲಿ, ಬಲ ಹಾಕದೆ ಪೆಡಲ್ ತಿರುಗಿಸಿ. ಸೈಕಲ್ ತಾನಾಗಿ ವೇಗ ಏರಿಸಿಕೊಂಡರೆ ಅದು ಕೇಡೆನ್ಸ್.

ಟಾರ್ಕ್‌ನದೊಂದು ತಕರಾರು: ಹಲವು ಮಾದರಿಗಳು ಆನ್ ಮಾಡಿದ ಗಳಿಗೆಯ ಒತ್ತಡವನ್ನೇ ಸೊನ್ನೆ ಎಂದುಕೊಳ್ಳುತ್ತವೆ. ಪೆಡಲ್ ಮೇಲೆ ಕಾಲೂರಿಕೊಂಡು ಸ್ವಿಚ್ ಒತ್ತಿದರೆ ದಾರಿಯುದ್ದಕ್ಕೂ ಮೋಟರ್ ಸೋಮಾರಿ. ಆಫ್ ಮಾಡಿ, ಎರಡೂ ಕಾಲು ನೆಲಕ್ಕಿಟ್ಟು ಮತ್ತೆ ಆನ್ ಮಾಡಿ.

ಕೇಡೆನ್ಸ್‌ನದು ಮಳೆಗಾಲದ ರಗಳೆ. ಕೆಸರು ಮೆತ್ತಿಕೊಂಡು ಬಿಲ್ಲೆ ಜರುಗಿದರೆ ಮೋಟರ್ ಬಿಟ್ಟು ಬಿಟ್ಟು ಓಡುತ್ತದೆ. ಒರೆಸಿ, ಬಿಲ್ಲೆಗೂ ಸೆನ್ಸರ್‌ಗೂ 2 ಮಿ.ಮೀ. ಆಸುಪಾಸಿನ ಸಂದು ಬಿಡಿ. ಬಿಚ್ಚಿದ ಬಿಲ್ಲೆಯನ್ನು ತಿರುವುಮುರುವು ಕೂರಿಸಿದರೆ ಮೋಟರ್ ಮಿಸುಕದಿರಬಹುದು.

ಈಗ ಕೇಡೆನ್ಸ್ ಕೊಂಡು ಆಮೇಲೆ ಟಾರ್ಕ್ ಹಾಕಿಸೋಣ ಎಂಬ ಲೆಕ್ಕ ಬೇಡ. ಸೆನ್ಸರ್ ಇರುವ ಬಾಟಮ್ ಬ್ರಾಕೆಟ್ (ಕ್ರ್ಯಾಂಕ್ ತಿರುಗುವ ಅಚ್ಚಿನ ಭಾಗ) ಜತೆ, ಟಾರ್ಕ್ ಸಿಗ್ನಲ್ ಓದಬಲ್ಲ ಕಂಟ್ರೋಲರ್, ಅಂದರೆ ಮೋಟರ್ ನಡೆಸುವ ಪೆಟ್ಟಿಗೆ ಕೂಡ ಬೇಕಾಗುತ್ತದೆ. ದುಡ್ಡು ಸಾಲದಿದ್ದರೆ ಗೇರ್ ಮತ್ತು ಥ್ರಾಟಲ್ (ತುಳಿಯದೆಯೇ ಮೋಟರ್ ಓಡಿಸುವ, ಹ್ಯಾಂಡಲ್ ಮೇಲಿನ ಗುಂಡಿ) ಎರಡೂ ಇರುವ ಕೇಡೆನ್ಸ್ ಸೈಕಲ್ ನೋಡಿ. ಏರಿನಲ್ಲಿ ಹೊರಡುವಾಗ ಹಗುರ ಗೇರ್‌ಗೆ ಹಾಕಿ ಥ್ರಾಟಲ್ ಎರಡು ಸೆಕೆಂಡ್ ಒತ್ತಿದರೆ ಆ ಅರ್ಧ ಸುತ್ತಿನ ಕಷ್ಟ ದಾಟುತ್ತದೆ.