ಗ್ವಾಂಟನಾಮೊದ ಸ್ವಇಚ್ಛಾ ಹೇಳಿಕೆ

ಕರ್ನಾಟಕದ ಯಾವುದೇ ಸೆಷನ್ಸ್ ನ್ಯಾಯಾಲಯದಲ್ಲಿ ಒಂದು ದರೋಡೆ ಪ್ರಕರಣದ ಕಡತ ಬಿಚ್ಚಿ ನೋಡಿ. ದೋಷಾರೋಪ ಪಟ್ಟಿಯ ನಡುವೆ ಎಲ್ಲೋ ‘ಆರೋಪಿಯ ಸ್ವಇಚ್ಛಾ ಹೇಳಿಕೆ’ ಎಂಬ ಎರಡು ಮೂರು ಹಾಳೆಗಳು ಸಿಗುತ್ತವೆ. ಅವುಗಳ ಕೊನೆಯ ಸಾಲನ್ನು ಕಣ್ಣು ಮುಚ್ಚಿ ಹೇಳಬಲ್ಲೆ: ‘ನನ್ನೊಂದಿಗೆ ಬಂದರೆ ಮಾಲನ್ನು ಬಚ್ಚಿಟ್ಟಿರುವ ಸ್ಥಳ ತೋರಿಸಿ ಹಾಜರುಪಡಿಸುತ್ತೇನೆ.’ ಓದು ಬಾರದ ಗಾರೆ ಕೆಲಸದವನೂ ಬಿ.ಕಾಂ. ಮುಗಿಸಿದ ಹುಡುಗನೂ ಇದೇ ಧಾಟಿಯಲ್ಲಿ ಮಾತನಾಡಿರುತ್ತಾರೆ. ಇಪ್ಪತ್ತಾರು ವರ್ಷಗಳಿಂದ ಆರೋಪಿಗಳ ಪರ ವಕಾಲತ್ತು ಹಾಕುತ್ತಿರುವ ನಾನು ಈ ಹಾಳೆಗಳನ್ನು ಮೊದಲು ಓದುವುದೇ ಇಲ್ಲ. ಮೊದಲು ನೋಡುವುದು ಬಂಧನದ ಸಮಯ, ಆಮೇಲೆ ವೈದ್ಯರ ಮುಂದೆ ನಿಲ್ಲಿಸಿದ ಸಮಯ. ಕಥೆಯೆಲ್ಲ ಆ ಎರಡರ ನಡುವೆ ಇರುತ್ತದೆ.

ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ರುಜುವಾತು ಮಾಡುವಂತಿಲ್ಲ ಎಂದು 1872ರ ಸಾಕ್ಷ್ಯ ಅಧಿನಿಯಮದ 25ನೇ ಕಲಂ ಹೇಳಿತ್ತು. ಇಂದಿನ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಂ ಹೇಳುವುದೂ ಅದನ್ನೇ. ಹಳೆಯ ಕಾಯ್ದೆಯ ಕರಡು ಬರೆದ ಜೇಮ್ಸ್ ಫಿಟ್ಜ್‌ಜೇಮ್ಸ್ ಸ್ಟೀಫನ್, ಭಾರತದಲ್ಲಿದ್ದ ಒಬ್ಬ ಅಧಿಕಾರಿಯ ಮಾತನ್ನು ದಾಖಲಿಸಿದ್ದಾನೆ. ಪೊಲೀಸರು ಹೊಡೆಯುವುದೇಕೆಂದರೆ ಸೋಮಾರಿತನದಿಂದ. ಬಿಸಿಲಿನಲ್ಲಿ ಅಲೆದು ಸಾಕ್ಷ್ಯ ಹುಡುಕುವುದಕ್ಕಿಂತ ನೆರಳಿನಲ್ಲಿ ಕುಳಿತು ಬಡಪಾಯಿಯ ಕಣ್ಣಿಗೆ ಮೆಣಸಿನಪುಡಿ ತಿಕ್ಕುವುದು ಹಾಯೆನಿಸುತ್ತದೆ ಎಂಬುದು ಅದರ ಸಾರ.

2001ರ ಸೆಪ್ಟೆಂಬರ್ 11ರ ದಾಳಿಯ ಮೊಕದ್ದಮೆ ಇನ್ನೂ ಯಾಕೆ ಮುಗಿದಿಲ್ಲ ಎಂದು ಕಿರಿಯ ವಕೀಲರು ಕೇಳಿದಾಗ ನಾನು ಈ ಮೆಣಸಿನಪುಡಿಯಿಂದಲೇ ಶುರು ಮಾಡುತ್ತೇನೆ. ಸುಮಾರು 3,000 ಜನರನ್ನು ಕೊಂದ ದಾಳಿ ಅದು. ಮುಖ್ಯ ಆರೋಪಿ ಖಾಲಿದ್ ಶೇಖ್ ಮೊಹಮ್ಮದ್ 2003ರ ಮಾರ್ಚ್ 1ರಂದು ರಾವಲ್ಪಿಂಡಿಯಲ್ಲಿ ಸಿಕ್ಕಿಬಿದ್ದ. ಸಂಚಿನಲ್ಲಿ ತನ್ನ ಪಾತ್ರವನ್ನು ಆತ ಮುಚ್ಚಿಟ್ಟವನೂ ಅಲ್ಲ. ಬಂಧನಕ್ಕೆ ಮೊದಲೇ, 2002ರಲ್ಲಿ, ಅಲ್ ಜಝೀರಾ ವರದಿಗಾರ ಯೊಸ್ರಿ ಫೌದಾ ಅವರನ್ನು ಕರಾಚಿಗೆ ಕರೆಸಿಕೊಂಡು ಸಂದರ್ಶನದಲ್ಲಿ ಹೆಮ್ಮೆಯಿಂದ ಹೇಳಿಕೊಂಡಿದ್ದ. ಯಾರೂ ಹೊಡೆಯದೆ, ಯಾರೂ ಬೆದರಿಸದೆ ಬಾಯಿಬಿಟ್ಟ ಆರೋಪಿ! ಅಭಿಯೋಜಕನಿಗೆ ಇದಕ್ಕಿಂತ ದೊಡ್ಡ ಭಾಗ್ಯ ಇನ್ನೇನಿದೆ?

ಆ ಭಾಗ್ಯವನ್ನು ಕೈಯಾರೆ ಕೆಡಿಸಿದವರಲ್ಲಿ ಮೊದಲಿಗರು ವಕೀಲರು. ನನಗೆ ಸಿಟ್ಟು ಬರುವುದು ಇಲ್ಲಿಯೇ. 2002ರ ಆಗಸ್ಟ್ 1ರಂದು ಅಮೆರಿಕದ ನ್ಯಾಯ ಇಲಾಖೆಯಿಂದ ಒಂದು ಕಾನೂನು ಅಭಿಪ್ರಾಯ ಹೊರಟಿತು. ಬರೆದವರಲ್ಲಿ ಪ್ರಮುಖರು ಜಾನ್ ಯೂ, ಸಹಿ ಹಾಕಿದವರು ಜೇ ಬೈಬೀ. ದೈಹಿಕ ನೋವು ಚಿತ್ರಹಿಂಸೆ ಎನಿಸಿಕೊಳ್ಳಬೇಕಾದರೆ ಅಂಗವೈಫಲ್ಯಕ್ಕೋ ಸಾವಿಗೋ ಸಮನಾದ ತೀವ್ರತೆ ಇರಬೇಕು ಎಂದು ಅದು ವ್ಯಾಖ್ಯಾನಿಸಿತು. ಅದಕ್ಕಿಂತ ಕಡಿಮೆ ಏನು ಮಾಡಿದರೂ ‘ವಿಚಾರಣೆ’. ಕಕ್ಷಿದಾರನಿಗೆ ಬೇಕಾದ ಉತ್ತರವನ್ನು ಮೊದಲು ಇಟ್ಟುಕೊಂಡು ಆಮೇಲೆ ಕಲಂ ಹುಡುಕುವ ವಕೀಲರು ನಮ್ಮಲ್ಲೂ ಇದ್ದಾರೆ, ಆದರೆ ಅವರ ಕೈಗೆ ಒಂದು ದೇಶ ಸಿಕ್ಕಿರಲಿಲ್ಲ. ಬೈಬೀ ಮರುವರ್ಷ ಮೇಲ್ಮನವಿ ನ್ಯಾಯಾಲಯದ ನ್ಯಾಯಾಧೀಶರಾದರು, ಯೂ ಕಾನೂನು ಪಾಠ ಹೇಳಲು ಬರ್ಕ್ಲಿಗೆ ಮರಳಿದರು.

ಖಾಲಿದ್‌ನನ್ನು ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ತನ್ನ ರಹಸ್ಯ ಸೆರೆಮನೆಗಳಿಗೆ ಒಯ್ದಿತು. ಹಲಗೆಗೆ ಕಟ್ಟಿ, ಮುಖಕ್ಕೆ ಬಟ್ಟೆ ಹಾಕಿ, ಉಸಿರು ಕಟ್ಟುವವರೆಗೆ ನೀರು ಸುರಿಯುವುದನ್ನು 2003ರ ಮಾರ್ಚ್ ಒಂದೇ ತಿಂಗಳಲ್ಲಿ 183 ಬಾರಿ ನಡೆಸಿತು. (ನಮ್ಮ ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಮ್ಯಾಜಿಸ್ಟ್ರೇಟರು ತಪ್ಪೊಪ್ಪಿಗೆ ದಾಖಲಿಸುವ ಕಲಂ ಕೂಡ 183. ಈ ಕಾಕತಾಳೀಯ ನನ್ನ ತಲೆಯಿಂದ ಹೋಗುವುದೇ ಇಲ್ಲ.)

ಸಿಐಎಯ ವಾದ ಸರಳವಾಗಿತ್ತು: ನಮಗೆ ಬೇಕಿರುವುದು ಮುಂದಿನ ದಾಳಿಯ ಸುಳಿವು, ನ್ಯಾಯಾಲಯಕ್ಕೆ ಬೇಕಾದ ಸಾಕ್ಷ್ಯವಲ್ಲ. ಗುಪ್ತಚರ ಮಾಹಿತಿ ಬೇರೆ, ಸಾಕ್ಷ್ಯ ಬೇರೆ ಎಂಬುದು ನಿಜವೇ. ಆದರೆ ಸುಳಿವಿನ ಲೆಕ್ಕದಲ್ಲಾದರೂ ಏನು ಸಿಕ್ಕಿತು ನೋಡಿ. 2002ರ ಮಾರ್ಚ್‌ನಲ್ಲಿ ಫೈಸಲಾಬಾದಿನಲ್ಲಿ ಗಾಯಗೊಂಡು ಸಿಕ್ಕ ಶಂಕಿತ ಉಗ್ರ ಅಬು ಜುಬೈದಾನನ್ನು ಮೊದಲು ಮಾತನಾಡಿಸಿದವರು ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐನ ಅಲಿ ಸೌಫಾನ್ ಮತ್ತು ಅವರ ಸಹೋದ್ಯೋಗಿ. ಅರೇಬಿಕ್ ಬಲ್ಲ ಸೌಫಾನ್ ಮಾತಿನಲ್ಲೇ ವಿಶ್ವಾಸ ಗಳಿಸಿದರು; ದಾಳಿಯ ಸೂತ್ರಧಾರ ಖಾಲಿದ್ ಎಂಬುದು ಹೊರಬಿದ್ದಿದ್ದು ಆಗಲೇ. ನೀರು ಸುರಿಯುವವರು ಆಮೇಲೆ ಬಂದರು. ಇನ್ನೊಬ್ಬ ಸೆರೆಯಾಳು ಇಬ್ನ್ ಅಲ್‌ ಶೇಖ್ ಅಲ್‌ ಲಿಬಿಯನ್ನು ಅಮೆರಿಕ ಈಜಿಪ್ಟಿಗೆ ಒಪ್ಪಿಸಿತು. ಅಲ್ಲಿನ ಹಿಂಸೆ ತಾಳಲಾರದೆ ಆತ, ಇರಾಕ್ ಅಲ್‌ಖೈದಾಗೆ ರಾಸಾಯನಿಕ ಅಸ್ತ್ರಗಳ ತರಬೇತಿ ಕೊಟ್ಟಿದೆ ಎಂದುಬಿಟ್ಟ. 2003ರ ಫೆಬ್ರುವರಿ 5ರಂದು ವಿದೇಶಾಂಗ ಕಾರ್ಯದರ್ಶಿ ಕಾಲಿನ್ ಪೊವೆಲ್ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ, ಹೆಸರು ಹೇಳದೆ, ಇದೇ ಹೇಳಿಕೆಯನ್ನು ಮುಂದಿಟ್ಟರು. ಮುಂದಿನ ತಿಂಗಳು ಯುದ್ಧ ಶುರುವಾಯಿತು. 2004ರಲ್ಲಿ ಅಲ್‌ ಲಿಬಿ ಹೇಳಿಕೆಯನ್ನು ಹಿಂತೆಗೆದುಕೊಂಡ. ನಮ್ಮಲ್ಲಿ ಹೊಡೆತಕ್ಕೆ ಹುಟ್ಟಿದ ಹೇಳಿಕೆಯಿಂದ ಅಮಾಯಕನೊಬ್ಬ ಹತ್ತು ವರ್ಷ ಒಳಗಿರುತ್ತಾನೆ. ಅಲ್ಲಿ ಅಂಥದೊಂದು ಹೇಳಿಕೆ ಯುದ್ಧದ ಸಮರ್ಥನೆಯ ಪಟ್ಟಿಗೆ ಸೇರಿತ್ತು.

2006ರ ಸೆಪ್ಟೆಂಬರ್‌ನಲ್ಲಿ ಖಾಲಿದ್ ಮತ್ತಿತರರನ್ನು ಕ್ಯೂಬಾದಲ್ಲಿರುವ ಅಮೆರಿಕದ ನೌಕಾನೆಲೆ ಗ್ವಾಂಟನಾಮೊಗೆ ತಂದಾಗ ಸರ್ಕಾರಕ್ಕೆ ಮೊಕದ್ದಮೆಯ ನೆನಪಾಯಿತು. ಸಿಐಎ ಪಡೆದ ಹೇಳಿಕೆಗಳನ್ನು ಯಾವ ನ್ಯಾಯಾಧೀಶರೂ ಮುಟ್ಟುವುದಿಲ್ಲ. ಹಾಗಾಗಿ 2007ರಲ್ಲಿ ಎಫ್‌ಬಿಐ ಅಧಿಕಾರಿಗಳನ್ನು ಕಳಿಸಿ, ಮರ್ಯಾದೆಯಿಂದ ಕೂರಿಸಿ, ಅವೇ ಪ್ರಶ್ನೆಗಳನ್ನು ಹೊಸದಾಗಿ ಕೇಳಿಸಿದರು. ಇದಕ್ಕೆ ‘ಕ್ಲೀನ್ ಟೀಂ’ ಎಂಬ ಹೆಸರು. ಮಲಿನ ನೀರನ್ನು ಶುಭ್ರವಾದ ಚೊಂಬಿಗೆ ಸುರಿದರೆ ತೀರ್ಥವಾಗುತ್ತದೆ ಎಂಬ ಲೆಕ್ಕಾಚಾರ.

ನಮ್ಮಲ್ಲಿ ಮ್ಯಾಜಿಸ್ಟ್ರೇಟರು ತಪ್ಪೊಪ್ಪಿಗೆ ಬರೆದುಕೊಳ್ಳುವ ಮೊದಲು ಆರೋಪಿಗೆ ಯೋಚಿಸಲು ಕಾಲಾವಕಾಶ ಕೊಡುತ್ತಾರೆ, ಹೇಳದಿದ್ದರೆ ಮತ್ತೆ ಪೊಲೀಸರ ವಶಕ್ಕೆ ಕೊಡುವುದಿಲ್ಲ ಎಂದು ಮನವರಿಕೆ ಮಾಡುತ್ತಾರೆ. ಭಯ ಇಳಿಯಲಿ ಎಂಬ ಉದ್ದೇಶ. ಹಾಗಾದರೆ ಮೂರು ನಾಲ್ಕು ವರ್ಷ ಕತ್ತಲಲ್ಲಿಟ್ಟವನ ಭಯ ಎಷ್ಟು ದಿನಕ್ಕೆ ಇಳಿಯಬೇಕು? ಯೆಮನ್‌ನಲ್ಲಿ 17 ನಾವಿಕರನ್ನು ಬಲಿತೆಗೆದುಕೊಂಡ ಯುಎಸ್‌ಎಸ್ ಕೋಲ್ ಹಡಗಿನ ದಾಳಿಯ ಪ್ರಕರಣದಲ್ಲಿ, 2023ರ ಆಗಸ್ಟ್‌ನಲ್ಲಿ ಸೇನಾ ನ್ಯಾಯಾಧೀಶ ಲ್ಯಾನಿ ಅಕೋಸ್ಟಾ ಇಂಥ ‘ಶುಭ್ರ’ ಹೇಳಿಕೆಯನ್ನು ತಳ್ಳಿಹಾಕಿದರು. 2025ರ ಏಪ್ರಿಲ್‌ನಲ್ಲಿ ಸೆಪ್ಟೆಂಬರ್ 11ರ ಪ್ರಕರಣದಲ್ಲೇ ಇನ್ನೊಬ್ಬ ಆರೋಪಿ ಅಮ್ಮಾರ್ ಅಲ್‌ ಬಲೂಚಿಯ ಹೇಳಿಕೆಯನ್ನು ನ್ಯಾಯಾಧೀಶ ಮ್ಯಾಥ್ಯೂ ಮೆಕಾಲ್ ಹೊರಗಿಟ್ಟರು. ಅಲ್‌ ಬಲೂಚಿಯ ತಲೆಯನ್ನು ಗೋಡೆಗೆ ಬಡಿದು ತರಬೇತಿ ಪಡೆಯುತ್ತಿದ್ದ ಅಧಿಕಾರಿಗಳು ಸರದಿಯಂತೆ ‘ಅಭ್ಯಾಸ’ ಮಾಡಿದ್ದರು. ಇದನ್ನು ಬರೆದಿಟ್ಟಿರುವುದು ಸಿಐಎಯ ಸ್ವಂತ ತನಿಖಾ ವರದಿ.

ಹಾಗೆಂದು ಅಮೆರಿಕದ ಕಾನೂನು ಎಲ್ಲದರಲ್ಲೂ ನಮ್ಮದಕ್ಕಿಂತ ಸಡಿಲ ಎಂದುಕೊಳ್ಳಬೇಡಿ. 224 ಜನ ಸತ್ತ 1998ರ ನೈರೋಬಿ ಮತ್ತು ದಾರ್ ಎಸ್ ಸಲಾಂ ರಾಯಭಾರ ಕಚೇರಿ ಸ್ಫೋಟಗಳ ಪ್ರಕರಣದಲ್ಲಿ ಅಹ್ಮದ್ ಘೈಲಾನಿಯನ್ನು 2010ರಲ್ಲಿ ನ್ಯೂಯಾರ್ಕಿನ ನಾಗರಿಕ ನ್ಯಾಯಾಲಯ ವಿಚಾರಿಸಿತು. ಸ್ಫೋಟಕ ಮಾರಿದವನೇ ಸಾಕ್ಷಿ ಹೇಳಲು ತಯಾರಿದ್ದ. ಆದರೆ ಆತನ ಹೆಸರು ಸರ್ಕಾರಕ್ಕೆ ಗೊತ್ತಾಗಿದ್ದು ಘೈಲಾನಿಯಿಂದ ಸಿಐಎ ಬಲವಂತವಾಗಿ ಹೊರಡಿಸಿದ ಮಾತಿನಿಂದ. ನ್ಯಾಯಾಧೀಶ ಲೂಯಿಸ್ ಕ್ಯಾಪ್ಲನ್ ಆ ಸಾಕ್ಷಿಯನ್ನು ಕಟಕಟೆ ಹತ್ತಲು ಬಿಡಲಿಲ್ಲ. ನಮ್ಮ ಹಳೆಯ ಸಾಕ್ಷ್ಯ ಅಧಿನಿಯಮದ 27ನೇ ಕಲಂ ಪ್ರಕಾರ, ಆರೋಪಿಯ ಮಾತಿನಿಂದ ವಸ್ತು ಪತ್ತೆಯಾದರೆ ಆ ಮಾತಿನ ಅಷ್ಟು ಭಾಗ ಸಾಕ್ಷ್ಯವಾಗಿ ಒಳಗೆ ಬರುತ್ತದೆ. ‘ನನ್ನೊಂದಿಗೆ ಬಂದರೆ ತೋರಿಸುತ್ತೇನೆ’ ಎಂಬ ಸಾಲಿನ ಹುಟ್ಟು ಅದೇ. ಘೈಲಾನಿ 285 ಆರೋಪಗಳಲ್ಲಿ 284ರಿಂದ ಖುಲಾಸೆಯಾದ. ಉಳಿದ ಒಂದಕ್ಕೆ ಜೀವಾವಧಿ. ವಾಷಿಂಗ್ಟನ್ ರಾಜಕಾರಣಿಗಳಿಗೆ ಕಂಡಿದ್ದು 284 ಮಾತ್ರ, ಶಿಕ್ಷೆ ಕಾಣಲಿಲ್ಲ. ಸೆಪ್ಟೆಂಬರ್ 11ರ ಪ್ರಕರಣವನ್ನು ನ್ಯೂಯಾರ್ಕಿಗೆ ತರುವ ಯೋಜನೆಯನ್ನು ಸರ್ಕಾರ 2011ರಲ್ಲಿ ಕೈಬಿಟ್ಟಿತು.

ಹಾಗಾಗಿ ಮೊಕದ್ದಮೆ ಕ್ಯೂಬಾದ ನೆಲದ ಅಮೆರಿಕನ್ ನೌಕಾನೆಲೆಯಲ್ಲೇ ಉಳಿಯಿತು. ಅಲ್ಲಿನ ಕೋರ್ಟ್ ಹಾಲನ್ನು ಕಲ್ಪಿಸಿಕೊಳ್ಳಿ. ಪ್ರೇಕ್ಷಕರು ದಪ್ಪ ಗಾಜಿನ ಹಿಂದೆ. ಧ್ವನಿ 40 ಸೆಕೆಂಡ್ ತಡವಾಗಿ ಕೇಳುತ್ತದೆ. ವಕೀಲರು ಎದ್ದುನಿಂತದ್ದು ಕಂಡ ಸುಮಾರು ಮುಕ್ಕಾಲು ನಿಮಿಷಕ್ಕೆ ‘ಮಹಾಸ್ವಾಮಿ’ ಕಿವಿಗೆ ಬೀಳುತ್ತದೆ ಎಂದಿಟ್ಟುಕೊಳ್ಳಿ. ರಹಸ್ಯದ ಮಾತು ಬಂದರೆ ಕೆಂಪು ದೀಪ ಹೊತ್ತಿ ಧ್ವನಿ ನಿಲ್ಲುತ್ತದೆ. 2013ರ ಜನವರಿಯಲ್ಲಿ ರಹಸ್ಯ ಸೆರೆಮನೆಗಳನ್ನು ಸಾಕ್ಷ್ಯವಾಗಿ ಉಳಿಸಿಕೊಳ್ಳುವ ಅರ್ಜಿಯ ಪ್ರಸ್ತಾಪ ಬಂದಾಗ ಧ್ವನಿ ಹೀಗೆಯೇ ನಿಂತಿತು. ನಿಲ್ಲಿಸಿದ್ದು ನ್ಯಾಯಾಧೀಶ ಜೇಮ್ಸ್ ಪೋಲ್ ಅಲ್ಲ, ಅವರ ಪಕ್ಕದಲ್ಲಿದ್ದ ಭದ್ರತಾ ಅಧಿಕಾರಿಯೂ ಅಲ್ಲ. ಹೊರಗೆ ಎಲ್ಲೋ ಕುಳಿತ ಸರ್ಕಾರಿ ಕೈಯೊಂದಕ್ಕೂ ಆ ಗುಂಡಿ ಇತ್ತೆಂದು ಆಗಲೇ ಬಯಲಾಯಿತು. ಪೋಲ್ ಕೆರಳಿ ಅದನ್ನು ಕಿತ್ತುಹಾಕಿಸಿದರು. ಅದು ಯಾವ ಸಂಸ್ಥೆಯ ಕೈ ಎಂದು ಊಹಿಸಲು ಕಾನೂನು ಪದವಿ ಬೇಕಿಲ್ಲ.

ಆ ಗಾಜಿನ ಹಿಂದೆ ಕೂರುವವರಲ್ಲಿ ಮೃತರ ಕುಟುಂಬದವರೂ ಇರುತ್ತಾರೆ. ಲಾಟರಿ ಎತ್ತಿ ಆರಿಸಿ, ವಿಮಾನದಲ್ಲಿ ಕರೆತರುತ್ತಾರೆ. ದೋಷಾರೋಪ ಓದಿ ಹೇಳಿದ್ದು 2012ರ ಮೇ ತಿಂಗಳಲ್ಲಿ. ಅಲ್ಲಿಂದ ಹತ್ತು ವರ್ಷಕ್ಕೂ ಹೆಚ್ಚು ಕಾಲ ಅವರು ಕೇಳಿದ್ದು ಬಹುಪಾಲು ದಾಳಿಯ ಬಗ್ಗೆಯಲ್ಲ, ಚಿತ್ರಹಿಂಸೆಯ ಬಗ್ಗೆ. ಕೊನೆಗೆ ಅಭಿಯೋಜಕರೇ ಸೋತು, 2024ರ ಜುಲೈ ಕೊನೆಯಲ್ಲಿ ಮೂವರು ಆರೋಪಿಗಳೊಂದಿಗೆ ಒಪ್ಪಂದ ಮಾಡಿಕೊಂಡರು: ತಪ್ಪೊಪ್ಪಿಕೊಳ್ಳಬೇಕು, ಮರಣದಂಡನೆಯ ಬದಲು ಜೀವಾವಧಿ. ಒಂದು ಷರತ್ತು ವಿಶೇಷವಾಗಿತ್ತು. ದಾಳಿಯಲ್ಲಿ ತಮ್ಮ ಪಾತ್ರವೇನು, ಏಕೆ ಮಾಡಿದರು ಎಂದು ಮೃತರ ಕುಟುಂಬದವರು ಬರೆದು ಕೇಳುವ ಪ್ರಶ್ನೆಗಳಿಗೆ ಆರೋಪಿಗಳು ಉತ್ತರಿಸಬೇಕು. ಎರಡೇ ದಿನಕ್ಕೆ ರಕ್ಷಣಾ ಕಾರ್ಯದರ್ಶಿ ಲಾಯ್ಡ್ ಆಸ್ಟಿನ್ ಒಪ್ಪಂದವನ್ನು ಹಿಂತೆಗೆದುಕೊಂಡರು. ಹಾಗೆ ಮಾಡುವಂತಿಲ್ಲ ಎಂದರು ಮೆಕಾಲ್. 2025ರ ಜುಲೈ 11ರಂದು ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯ ಆಸ್ಟಿನ್ ಮಾಡಿದ್ದೇ ಸರಿ ಎಂದು 2-1ರಿಂದ ತೀರ್ಪು ಕೊಟ್ಟಿತು. ಒಪ್ಪಂದದ ಜೊತೆಗೆ ಆ ಷರತ್ತೂ ಬಿದ್ದುಹೋಯಿತು. ಕೇಳಲು ಪ್ರಶ್ನೆ ಬರೆದಿಟ್ಟುಕೊಂಡಿದ್ದವರ ಬಳಿ ಪ್ರಶ್ನೆಗಳು ಹಾಗೆಯೇ ಉಳಿದವು.